ಅಲೆ ಹಿಂದಕ್ಕೆ ತಂದ ತೆಂಗಿನಕಾಯಿ

ಹೋದ ತಿಂಗಳು ಅಕ್ಕನ ಮಗಳು ಸುಮಾಳ ಸೀಮಂತದ ಕುಬಸ ಗೊತ್ತಾಯಿತು. ಬಸುರಿ ಹುಡುಗಿಯ ಉಡಿಗೆ ಹಾಕಲು ಒಂದು ಚಂದದ ರವಿಕೆ ಕಣ ಬೇಕಲ್ಲ ಎಂದು ಮಂಚದ ಕೆಳಗಿನ ಟ್ರಂಕು ಎಳೆದು ಕೂತೆ. ಗುಳೇದಗುಡ್ಡದ ಕಣಗಳು, ಹಳೆಯ ಇಳಕಲ್ ಸೀರೆಗಳು, ಯಾರ್‍ಯಾರದೋ ಮದುವೆಯಲ್ಲಿ ಬಂದ ಟವೆಲ್ಲುಗಳು. ತಳದಲ್ಲಿ ಒಂದು ಹಸಿರು ಕಣ ಕೈಗೆ ಸಿಕ್ಕಿತು. ಹಪ್ಪಳದ ಹಾಗೆ ಬಿರುಸಾಗಿತ್ತು. ಬಿಡಿಸಿದರೆ ಅಂಚಿನುದ್ದಕ್ಕೂ ಬೆಳ್ಳನೆಯ ಗೆರೆ. ಮೂಗಿಗೆ ಹಿಡಿದೆ. ಉಪ್ಪಿನ ವಾಸನೆ, ಅದರ ಹಿಂದೆ ಚೂರು ಡೀಸೆಲ್, ಇನ್ನೂ ಹಿಂದೆ ಅರಿಸಿನ. ಬಾಗಲಕೋಟೆಯ ನವನಗರದ ಬಿರುಬಿಸಿಲಿನ ಮಧ್ಯಾಹ್ನ, ನಮ್ಮ ಮಲಗುವ ಕೋಣೆಯೊಳಗೆ ಸಮುದ್ರ ಬಂದು ನಿಂತಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ, “ಅದನ್ನ ಬಿಡು. ಅದು ನಂದು,” ಎಂದಳು.

ಬಿಟ್ಟೆ. ಆದರೆ ಆ ವಾಸನೆ ನನ್ನನ್ನು ಬಿಡಲಿಲ್ಲ. ಬ್ಯಾಂಕಿನವರು ನನ್ನನ್ನು ಆಂಧ್ರಕ್ಕೆ ಎತ್ತಿ ಹಾಕಿದ ಆ ಒಂದು ವರ್ಷ ಅಂದಿನಿಂದ ತಲೆಯೊಳಗೆ ಓಡಾಡುತ್ತಲೇ ಇದೆ.

ವರ್ಗಾವಣೆಯ ಆರ್ಡರು ಬಂದಾಗ ನಾನು ಕುಣಿದಾಡಲಿಲ್ಲ. ಗಂಡನ ಕೆಲಸ ಹುಬ್ಬಳ್ಳಿಯಲ್ಲಿ, ಮಗ ಹಾಸ್ಟೆಲಿನಲ್ಲಿ, ನಾನು ವಿಜಯವಾಡದಲ್ಲಿ. ಒಬ್ಬಳೇ ಇರಲಾರೆ ಎಂದು ಅವ್ವನನ್ನು ಹೊರಡಿಸಿದೆ. “ಅಲ್ಲಿ ಏನೈತಿ?” ಎಂದಳು. “ಕೃಷ್ಣಾ ಹೊಳಿ ಐತಿ, ದುರ್ಗವ್ವನ ಗುಡಿ ಐತಿ,” ಎಂದೆ. ಗುಡಿಯ ಹೆಸರಿಗೆ ಅವಳ ಮುಖ ಅರಳಿತು. ಹೊಳೆಯ ಹೆಸರಿಗೆ ಎದ್ದುಹೋಗಿ ರೊಟ್ಟಿಯ ಹಂಚನ್ನು ಚೀಲಕ್ಕೆ ತುರುಕತೊಡಗಿದಳು.

ಅವ್ವನಿಗೂ ಕೃಷ್ಣೆಗೂ ಮಾತು ಬಿಟ್ಟಿತ್ತು. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ನಮ್ಮೂರು ಹೊಳೆಯ ದಂಡೆಯಲ್ಲೇ ಇತ್ತು. ಪ್ರತಿ ಶ್ರಾವಣದಲ್ಲಿ ಹೊಳೆ ತುಂಬಿ ಬಂದಾಗ ಊರಿನ ಮುತ್ತೈದೆಯರು ಹೋಗಿ ಗಂಗವ್ವನ ಉಡಿ ತುಂಬುತ್ತಿದ್ದರು. ಅಕ್ಕಿ, ತೆಂಗಿನಕಾಯಿ, ಅರಿಸಿನದ ಕೊಂಬು, ಎಲೆ ಅಡಿಕೆ, ಮೇಲೊಂದು ಹಸಿರು ಕಣ. ನೀರಿಗೆ ಬಿಟ್ಟರೆ ಹೊಳೆ ತೆಗೆದುಕೊಂಡು ಹೋಗುತ್ತಿತ್ತು, ಹಿಂದಕ್ಕೆ ತಿರುಗಿ ನೋಡುತ್ತಿರಲಿಲ್ಲ. ಆ ಸಾಲಿನಲ್ಲಿ ಅವ್ವನೇ ಯಾವಾಗಲೂ ಮುಂದೆ. ಆಮೇಲೆ ಆಲಮಟ್ಟಿಯ ಹಿನ್ನೀರು ಬಂತು. ಮನೆ, ಹಿತ್ತಲು, ಅಪ್ಪ ಕಟ್ಟಿಸಿದ ಕಟ್ಟೆ, ಎಲ್ಲ ನೀರಿನ ಕೆಳಗೆ ಹೋದವು. ಹೊಸ ಊರಿನ ತಗಡಿನ ಮನೆಯಲ್ಲಿ ಅಪ್ಪ ಹೆಚ್ಚು ದಿನ ಬದುಕಲಿಲ್ಲ. “ಅಷ್ಟ ವರ್ಷ ಉಡಿ ತುಂಬಿದೆ, ತುಂಬಿದಾಕೀ ಮನೀನs ತಿಂದ್ಲು,” ಎಂದು ಅವ್ವ ಒಮ್ಮೆ ಅಂದಳು. ಆಮೇಲೆ ಹೊಳೆಯ ಸುದ್ದಿ ತೆಗೆಯಲಿಲ್ಲ. ಅಪ್ಪ ಹೋದ ಮೇಲೆ ಅವಳ ಉಡಿ ತುಂಬುವವರೂ ಇರಲಿಲ್ಲ. ವಿಧವೆಗೆ ಉಡಿ ತುಂಬುವುದಿಲ್ಲ, ವಿಧವೆಯ ಕೈಯಿಂದ ತುಂಬಿಸುವುದೂ ಇಲ್ಲ. ಮದುವೆ ಮುಂಜಿಗಳಲ್ಲಿ ತಟ್ಟೆ ಹತ್ತಿರ ಬಂದಾಗ ಅವ್ವ ತಾನಾಗಿಯೇ ಎದ್ದು ಅಡುಗೆಮನೆಗೆ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ನೋಡಿ ಸುಮ್ಮನಿದ್ದೇನೆ.

ವಿಜಯವಾಡದ ಕೃಷ್ಣಲಂಕದಲ್ಲಿ ಮನೆ ಸಿಕ್ಕಿತು. ಆ ಊರಿನ ಬೇಸಿಗೆಯ ಬಗ್ಗೆ ಬರೆಯಲಾರೆ, ನೆನೆದರೆ ಈಗಲೂ ಬೆವರುತ್ತದೆ. ಅವ್ವ ಮೂರು ಹೊತ್ತೂ ಮಜ್ಜಿಗೆ ಕುಡಿದು, ತೆಲುಗಿನಲ್ಲಿ ಇದೆ, ಇಲ್ಲ ಎನ್ನುವ ‘ಉಂದಿ’, ‘ಲೇದು’ ಎರಡೇ ಮಾತಿನಿಂದ ಇಡೀ ಓಣಿಯನ್ನು ಸಂಭಾಳಿಸಿದಳು. ಹೊಳೆ ಕೂಗಳತೆಯಲ್ಲಿದ್ದರೂ ಆ ಕಡೆ ಹಾಯಲಿಲ್ಲ. ಶ್ರಾವಣದಲ್ಲಿ ಬ್ಯಾರೇಜಿನ ಗೇಟುಗಳನ್ನು ಎತ್ತಿದರು. ನೀರಿನ ಮೊರೆತ ಮನೆಯ ಜಗಲಿಯವರೆಗೆ ಕೇಳುತ್ತಿತ್ತು. ಅದು ಕಿವಿಗೆ ಬಿದ್ದ ಸಂಜೆ ಅವ್ವ ನನ್ನನ್ನು ಕೇಳಿದಳು:

“ಆಲಮಟ್ಟ್ಯಾಗಿಂದ ಬಿಟ್ಟ ನೀರು ಇಲ್ಲಿಗೇ ಬರ್ತದೇನ?”

“ಇಲ್ಲಿಗೇ ಬರ್ತದ ಯವ್ವಾ. ಇನ್ನೆಲ್ಲಿಗೆ ಹೋಗ್ತದ?”

“ಹಂಗಂದ್ರ ನಮ್ಮ ಮನೀ ಮ್ಯಾಲ ನಿಂತ ನೀರು.”

ಅವಳನ್ನು ಹೊಳೆಗೆ ಕರೆದುಕೊಂಡು ಹೋದೆ. ಇಂದ್ರಕೀಲಾದ್ರಿಯ ಕೆಳಗಿನ ಘಾಟಿನ ಮೆಟ್ಟಿಲುಗಳ ಮೇಲೆ ಜಾತ್ರೆಯಷ್ಟು ಜನ. ಎಲ್ಲರೂ ಹೊಳೆಗೆ ಮುಖ ಮಾಡಿ ಕೂತಿದ್ದರೆ ನಮ್ಮವ್ವ ಒಬ್ಬಳು ಬೆನ್ನು ಮಾಡಿ, ಗುಡ್ಡದ ಮೇಲಿನ ದುರ್ಗಮ್ಮನ ಗುಡಿಯನ್ನೇ ನೋಡುತ್ತ ಕೂತಳು. ನನಗೆ ನಗು, ಸಿಟ್ಟು ಎರಡೂ ಬಂದವು. ಮರುದಿನವೂ ಹಾಗೆಯೇ, ಅದರ ಮರುದಿನವೂ. ಒಂದು ಸಂಜೆ ಬ್ಯಾಂಕು ಮುಗಿಸಿ ಹುಡುಕಿಕೊಂಡು ಹೋದರೆ ಅವ್ವ ತಿರುಗಿ ಕೂತಿದ್ದಳು. ಕೆಂಪು ನೀರು ಅವಳ ಹೆಬ್ಬೆರಳಿನ ಹತ್ತಿರದವರೆಗೂ ಬಂದು ಹೋಗುತ್ತಿತ್ತು.

“ಮಾರಿ ನೋಡಿದ ಮ್ಯಾಲ ಸಿಟ್ಟು ಬರವಲ್ದು,” ಎಂದಳು. ಹೆಬ್ಬೆರಳನ್ನು ನೀರಿಗೆ ತಾಗಿಸಿ, “ಒಮ್ಮಿ ಉಡಿ ತುಂಬಬೇಕು ಅನಸ್ತದ. ಆದ್ರ ನನ್ನ ಕೈಯಿಂದ ತಗೋತಾಳೋ ಇಲ್ಲೋ.”

“ಹೊಳೀಗೆ ಅದೆಲ್ಲಾ ಗೊತ್ತಿರೂದಿಲ್ಲ ಬಿಡು,” ಎಂದೆ.

“ನಿನಗ ಗೊತ್ತಿಲ್ಲ. ಅಕೀಗೆ ಎಲ್ಲಾ ಗೊತ್ತೈತಿ.”

ಇವತ್ತು ನಾಳೆ ಎನ್ನುವುದರೊಳಗೆ ನೀರು ಇಳಿಯಿತು. ದೀಪಾವಳಿಯ ಹೊತ್ತಿಗೆ ನನ್ನನ್ನು ವಿಶಾಖಪಟ್ಟಣದ ಶಾಖೆಗೆ ಕಳಿಸಿದರು. ಸಾಮಾನು ಕಟ್ಟುವಾಗ ಅವ್ವ ಮುಖ ಸಣ್ಣದು ಮಾಡಿಕೊಂಡು, “ಹೊಳಿ ಇಲ್ಲೇ ಉಳೀತಲ್ಲ,” ಎಂದಳು. ನಾನು ಶಾಲೆಯಲ್ಲಿ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ, ಕೃಷ್ಣೆ ಸಮುದ್ರಕ್ಕೆ ಸೇರುತ್ತಾಳೆ, ವಿಶಾಖಪಟ್ಟಣದಲ್ಲಿ ಇರುವುದೂ ಅದೇ ಸಮುದ್ರ ಎಂದು ತಿಳಿಸಿದೆ. ಅವ್ವ ರೊಟ್ಟಿ ಹಂಚನ್ನು ಹಿಡಿದುಕೊಂಡೇ ಯೋಚಿಸಿದಳು. “ಹಂಗಂದ್ರ ಅಕಿ ನಮಗಿಂತ ಮೊದ್ಲs ಹೋಗಿ ಕುಂತಾಳ,” ಎಂದು ಹಗುರವಾದಳು.

ಸಮುದ್ರವನ್ನು ನಾವಿಬ್ಬರೂ ಮೊದಲು ನೋಡಿದ್ದು ಆಟೋದಿಂದ. ಒಂದು ಇಳಿಜಾರಿನಲ್ಲಿ ತಿರುಗಿದ ಕೂಡಲೇ ರಸ್ತೆಯ ಕೊನೆಯಲ್ಲಿ ಎದ್ದು ನಿಂತಿತ್ತು. ಹೌದು, ಎದ್ದೇ ನಿಂತಿತ್ತು, ನೆಲಕ್ಕಿಂತ ಎತ್ತರವಾಗಿ ಕಂಡಿತು. ಅವ್ವ ಆಟೋದವನ ಹೆಗಲು ಹಿಡಿದುಕೊಂಡು, “ಯಪ್ಪಾ, ನಿಲ್ಲಸು,” ಎಂದಳು. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ನಿಲ್ಲಿಸಿದ. ಆ ದಿನಗಳಲ್ಲಿ ನಮಗೆ ಬೇರೆ ಕೆಲಸವೇ ಇರಲಿಲ್ಲ ಅನಿಸುತ್ತದೆ. ಬೆಳಗಿನ ಸಮುದ್ರ, ಸಂಜೆಯ ಸಮುದ್ರ, ಮೋಡ ಕವಿದ ಸಮುದ್ರ. ಪಿಂಚಣಿಯ ಸಾಲು, ಸಾಲದ ಅರ್ಜಿ ಎಲ್ಲ ಮುಗಿಸಿ ಹೊರಬಂದರೆ ಬೀದಿಯ ತುದಿಯಲ್ಲಿ ಅದು ಇದ್ದೇ ಇರುತ್ತಿತ್ತು. ನಾನು ಅಷ್ಟು ಸುಲಭಕ್ಕೆ ಬೆರಗಾಗುವವಳಲ್ಲ. ಅಲ್ಲಿ ದಿನಾ ಬೆರಗಾದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಮುಂಜಾನೆ ಅವ್ವ ಮಿಂದು, ಸೆರಗಿನಲ್ಲಿ ತೆಂಗಿನಕಾಯಿ ಕಟ್ಟಿಕೊಂಡು ಬೀಚಿಗೆ ನಡೆದಳು. ಮೊದಲು ಕಾಯಿ ಬಿಟ್ಟು ನೋಡುವುದು, ಒಪ್ಪಿದರೆ ಪೂರಾ ಉಡಿ ತುಂಬುವುದು, ಇದು ಅವಳ ಲೆಕ್ಕ. ಮಂಡಿಯವರೆಗೆ ನೀರಿಗಿಳಿದು, ಅರಿಸಿನ ಕುಂಕುಮ ಹಚ್ಚಿದ ಕಾಯಿಯನ್ನು ಅಲೆಗೆ ಒಪ್ಪಿಸಿ ಕೈ ಮುಗಿದಳು. ಅಲೆ ಅದನ್ನು ಒಯ್ದಿತು, ಉರುಳಿಸಿತು, ತಂದು ಅವಳ ಪಾದದ ಮೇಲೇ ಇಟ್ಟಿತು. ಅವ್ವ ಮತ್ತೆ ಬಿಟ್ಟಳು. ಮತ್ತೆ ಬಂತು. ಇನ್ನೊಮ್ಮೆ, ಈ ಸಲ ಸ್ವಲ್ಪ ಒಳಗೆ ಹೋಗಿ, ಬಲವಾಗಿ ತಳ್ಳಿದಳು. ಕಾಯಿ ಇನ್ನೂ ಬೇಗ ಬಂತು. ಅವ್ವ ಅದನ್ನು ಅಲ್ಲಿಯೇ ಬಿಟ್ಟು ಮೇಲೆ ಬಂದಳು. ವಾಕಿಂಗಿಗೆ ಬಂದವರು ಯಾರೋ ಎತ್ತಿಕೊಂಡು ಹೋದರು, ಮಧ್ಯಾಹ್ನ ಚಟ್ನಿಯಾಗಿರಬೇಕು.

“ಒಲ್ಲೆ ಅಂದ್ಲು,” ಎಂದಳು ಅವ್ವ. ಅಷ್ಟೇ.

ಹೊಳೆಯ ದಂಡೆಯವರ ತಪ್ಪು ಇದು. ನಮಗೆ ಗೊತ್ತಿರುವ ನೀರು ಒಂದೇ ದಿಕ್ಕಿಗೆ ಹೋಗುತ್ತದೆ. ಕೊಟ್ಟದ್ದನ್ನು ತಂದುಕೊಡುವ ನೀರನ್ನು ನಾವು ಕಂಡವರಲ್ಲ. ಅಲೆ ಇರುವುದೇ ಹಾಗೆ ಎಂದು ನಾನು ಹೇಳಿದೆ, ತಿರುಗಾ ಹೇಳಿದೆ. ಅವ್ವ ಕೇಳಿಸಿಕೊಂಡಳು, ಒಪ್ಪಲಿಲ್ಲ. ಉಣ್ಣುವುದು ಕಡಿಮೆಯಾಯಿತು. ಸಮುದ್ರ ಕಾಣುವ ಕಿಟಕಿಯ ಪರದೆ ಎಳೆದುಕೊಂಡು ಕೂರತೊಡಗಿದಳು. ಮನೆ ಕಳೆದುಕೊಂಡಾಗಲೂ ನಾನು ಅವಳನ್ನು ಹೀಗೆ ನೋಡಿರಲಿಲ್ಲ. ಆಗ ಸಿಟ್ಟಿತ್ತು, ಸಿಟ್ಟಿನ ಬಲದಲ್ಲಿ ನಡೆದಾಡಿಕೊಂಡಿದ್ದಳು. ಈಗ ಅದೂ ಇರಲಿಲ್ಲ. ನನಗೆ ಹೆದರಿಕೆಯಾಯಿತು.

ಮೇಲಿನ ಮನೆಯಲ್ಲಿ ರಾಘು ಎಂಬ ಕುಂದಾಪುರದ ಹುಡುಗನಿದ್ದ, ಔಷಧಿ ಕಂಪನಿಯಲ್ಲಿ ಕೆಲಸ. ರೊಟ್ಟಿ ಎಣಗಾಯಿಯ ಆಸೆಗೆ ಅವ್ವನನ್ನು ಅಜ್ಜಿ ಮಾಡಿಕೊಂಡಿದ್ದ. ಸಂಗತಿ ಕೇಳಿ, “ದಡದಲ್ಲಿ ಬಿಟ್ರೆ ಬರದೆ ಏನಾಗ್ತದೆ ಮಾರಾಯ್ರೆ? ಅಲೆ ಒಡೆಯುವ ಜಾಗ ದಾಟಿ ಆಚೆ ಹೋಗ್ಬೇಕು. ಇಲ್ಲಿ ಹಾಯಿದೋಣಿಯಲ್ಲಿ ಸಂಜೆ ಕರ್ಕೊಂಡು ಹೋಗ್ತಾರೆ, ಐದಾರು ಜನ ಅಷ್ಟೇ. ಸೂರ್ಯ ನೀರಿಗೆ ಬೀಳೂದನ್ನೂ ನೋಡ್ಬಹುದು,” ಎಂದ. ನಾನು ಆ ಮಾತನ್ನು ಹಿಡಿದುಕೊಂಡೆ. ಅವ್ವನನ್ನು ಒಪ್ಪಿಸಲು ವಾರವೇ ಹಿಡಿಯಿತು. ಕೊನೆಗೆ ತಾನೇ ದಿನ ಹೇಳಿದಳು, ಭಾರತ ಹುಣ್ಣಿಮೆ. ನಮ್ಮ ಕಡೆ ವಿಧವೆಯಾದ ಯಲ್ಲಮ್ಮನಿಗೆ ಮತ್ತೆ ಬಳೆ ತೊಡಿಸುವ ಹುಣ್ಣಿಮೆ. “ಇದs ಕಡೀದು. ಈಗೂ ಒಲ್ಲೆ ಅಂದ್ರ ಇನ್ನ ಕೇಳೂದಿಲ್ಲ,” ಎಂದಳು.

ಮೀನುಗಾರಿಕೆ ಬಂದರಿನ ಮೂಲಕ ಹೋಗಬೇಕಿತ್ತು. ಒಣಮೀನಿನ ವಾಸನೆಗೆ ಅವ್ವ ಸೆರಗಿನಿಂದ ಮೂಗು ಕಟ್ಟಿಕೊಂಡಳು. ಕಟ್ಟಿಕೊಂಡ ಸೆರಗಿನ ಇನ್ನೊಂದು ತುದಿಯಲ್ಲಿ ಉಡಿಯ ಸಾಮಾನೆಲ್ಲ ಗಂಟು ಹಾಕಿತ್ತು. ದೋಣಿ ನಡೆಸುವ ಅಪ್ಪಲರಾಜು ಕಪ್ಪು ಕನ್ನಡಕದ, ಮಾತಿನ ಮಲ್ಲ. ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿದ. ಇಳಕಲ್ ಸೀರೆಯ ಮೇಲೆ ಅದನ್ನು ಬಿಗಿದುಕೊಂಡ ಅವ್ವನನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. “ನಗಬ್ಯಾಡ, ನೀನೂ ಹಂಗs ಕಾಣಾಕತ್ತಿ,” ಎಂದಳು. ನಾವು ಮೂವರು, ಹೈದರಾಬಾದಿನ ಹೊಸ ಗಂಡ ಹೆಂಡತಿ, ಅಪ್ಪಲರಾಜು. ಇಷ್ಟೇ ಜನ.

ಗಂಟು ನೋಡಿದ ಅಪ್ಪಲರಾಜು ಕೈಯಾಡಿಸಿದ. “ಅಮ್ಮಗಾರೂ, ಸಮುದ್ರಂಲೋ ಗುಡ್ಡ ವೇಯಕೂಡದು.” ಬಟ್ಟೆ ಹಾಕಬಾರದು, ಚುಕ್ಕಾಣಿಗೆ ಸುತ್ತಿಕೊಳ್ಳುತ್ತದೆ ಎಂದು ಅಭಿನಯಿಸಿ ತೋರಿಸಿದ. ಅವ್ವನ ಮುಖ ನೋಡಿ ಸ್ವಲ್ಪ ಮೆತ್ತಗಾದ. “ಕೊಬ್ಬರಿಕಾಯ ಪರವಾಲೇದು. ಮೇಮೂ ಗಂಗಮ್ಮ ತಲ್ಲಿಕಿ ಇಸ್ತಾಂ.” ಕಾಯಿ ಪರವಾಗಿಲ್ಲ, ನಾವೂ ಗಂಗಮ್ಮನಿಗೆ ಕೊಡುತ್ತೇವೆ ಎಂದ. ಅವ್ವ ತಲೆಯಾಡಿಸಿದಳು.

ತಡೆಗೋಡೆ ದಾಟುವವರೆಗೆ ಮೋಟಾರು ಗುಡುಗುಡು ಎನ್ನುತ್ತಿತ್ತು. ಬಲಕ್ಕೆ ಡಾಲ್ಫಿನ್ಸ್ ನೋಸ್ ಗುಡ್ಡ ಸಮುದ್ರಕ್ಕೆ ಮೂಗು ಚಾಚಿಕೊಂಡು ಸರಿದುಹೋಯಿತು. ಆಮೇಲೆ ಅಪ್ಪಲರಾಜು ಹಗ್ಗ ಎಳೆದು ಹಾಯಿ ಏರಿಸಿದ, ಮೋಟಾರು ನಿಲ್ಲಿಸಿದ.

ಆ ನಿಮಿಷವನ್ನು ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಮೊದಲು ಹಾಯಿ ಪಟಪಟ ಬಡಿದುಕೊಂಡಿತು. ಆಮೇಲೆ ಗಾಳಿ ಸಿಕ್ಕಿ ಒಮ್ಮೆಲೇ ಉಬ್ಬಿ ಸುಮ್ಮನಾಯಿತು. ದೋಣಿ ಓರೆಯಾಗಿ ಹೊರಟೇಬಿಟ್ಟಿತು. ಯಾರೂ ತಳ್ಳುತ್ತಿಲ್ಲ, ಏನೂ ಉರಿಯುತ್ತಿಲ್ಲ, ನೀರನ್ನು ಸೀಳುವ ಸಣ್ಣ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಾತಿನ ಮಲ್ಲನೂ ಬಾಯಿ ಮುಚ್ಚಿದ್ದ. ಹೈದರಾಬಾದಿನವರು ಮೊಬೈಲನ್ನು ಕೆಳಗಿಟ್ಟಿದ್ದರು. ಅವ್ವ ಕತ್ತೆತ್ತಿ ಹಾಯಿಯನ್ನೇ ನೋಡುತ್ತಿದ್ದಳು. “ಏನ ಸೆರಗss ಯವ್ವಾ ಇದು,” ಎಂದಳು ಮೆಲ್ಲಗೆ.

ರಾಘು ಮಾತ್ರ ಎದುರಿನ ಸಮುದ್ರಕ್ಕೆ ಕ್ಯಾಮೆರಾ ಹಿಡಿದು ಕೂತಿದ್ದ. ಸೂರ್ಯ ಎಲ್ಲಿ, ಸೂರ್ಯ ಎಲ್ಲಿ ಎಂದು ಚಡಪಡಿಸುತ್ತಿದ್ದ. ಅಪ್ಪಲರಾಜು ನಕ್ಕು ಹಿಂದಕ್ಕೆ ಬೆರಳು ತೋರಿಸಿದ. ಇದು ಪೂರ್ವದ ಕರಾವಳಿ, ಇಲ್ಲಿ ಸೂರ್ಯ ನೀರಿಗೆ ಬೀಳುವುದಿಲ್ಲ, ಊರಿನ ಹಿಂದಿನ ಗುಡ್ಡಗಳಿಗೆ ಬೀಳುತ್ತಾನೆ. ಹುಟ್ಟಿದಾಗಿನಿಂದ ಅರಬ್ಬಿ ಸಮುದ್ರದಲ್ಲಿ ಸೂರ್ಯನನ್ನು ಮುಳುಗಿಸಿ ರೂಢಿಯಿದ್ದ ಹುಡುಗ ನಾಚಿಕೊಂಡು, “ನಮ್ಮಲ್ಲಿ ಹೀಗಲ್ಲ ಮಾರಾಯ್ರೆ,” ಎಂದ. ನಾವೆಲ್ಲ ತಿರುಗಿದೆವು.

ನಾನು ದಿನಾ ಬೈದುಕೊಂಡು ಓಡಾಡುವ ಊರು ಅಲ್ಲಿತ್ತು. ಟ್ರಾಫಿಕ್ಕು, ಹಾರನ್ನು, ನನ್ನ ಬ್ಯಾಂಕಿನ ಬೀದಿ, ಎಲ್ಲ ಸೇರಿ ಗುಡ್ಡಗಳ ಬುಡದಲ್ಲಿ ಒಂದು ತೆಳುವಾದ ಪಟ್ಟಿಯಾಗಿತ್ತು. ಕೈಲಾಸಗಿರಿಯಿಂದ ಆಚೆ, ಭೀಮುನಿಪಟ್ಟಣದ ಕಡೆಗೆ, ದಂಡೆ ಬಾಗುತ್ತ ಬಾಗುತ್ತ ಮಸುಕಾಗುತ್ತಿತ್ತು. ಸೂರ್ಯ ಗುಡ್ಡದ ಅಂಚಿಗೆ ತಾಗಿದಾಗ ಊರಿನ ಕಿಟಕಿಗಳೆಲ್ಲ ಕಪ್ಪಾದವು. ಆಕಾಶ ಮೊದಲು ಕಿತ್ತಳೆಯಾಯಿತು, ಆಮೇಲೆ ಕುಂಕುಮದ ಬಣ್ಣ. ಅವನು ಮುಳುಗಿದ ಮೇಲೆ ಅವ್ವ ನನ್ನ ಮೊಣಕೈ ತಿವಿದು ಇತ್ತ ತಿರುಗಿಸಿದಳು. ಈ ಬದಿಯಲ್ಲಿ, ಬರೀ ನೀರೇ ನೀರು ಇರುವ ಕಡೆ, ಹುಣ್ಣಿಮೆಯ ಚಂದ್ರ ಹುಟ್ಟುತ್ತಿದ್ದ. ಒಂದು ಕಡೆ ಆರುತ್ತಿರುವ ಬೆಳಕು, ಇನ್ನೊಂದು ಕಡೆ ಹತ್ತುತ್ತಿರುವ ಬೆಳಕು, ನಡುವೆ ನಮ್ಮ ಪುಟ್ಟ ದೋಣಿ. ನಾನು ಅತ್ತೆ. ಯಾಕೆಂದು ಕೇಳಿದರೆ ಹೇಳಲು ಬರುವುದಿಲ್ಲ.

ಅವ್ವ ಸೆರಗಿನ ಗಂಟು ಬಿಚ್ಚಿದಳು. ಮಡಿಲಲ್ಲಿ ಅಕ್ಕಿ, ಎಲೆ ಅಡಿಕೆ, ಅರಿಸಿನದ ಕೊಂಬು, ಹಸಿರು ಕಣ, ತೆಂಗಿನಕಾಯಿ. ಕಾಯಿಗೆ ಕೈ ಹಾಕಿದವಳು ಹಾಗೆಯೇ ಕೂತಳು. ಕೊಟ್ಟರೆ ಉತ್ತರ ಬರುತ್ತದಲ್ಲ, ಅದಕ್ಕೇ ಅವಳು ಹೆದರಿದ್ದಳು.

ಅಷ್ಟರಲ್ಲಿ ಅಪ್ಪಲರಾಜು, “ಪಟ್ಟುಕೋಂಡಿ!” ಎಂದು, ಗಟ್ಟಿ ಹಿಡಿದುಕೊಳ್ಳಿ ಎಂದು, ಕೂಗಿದ. ಹಿಂದಿರುಗುವ ಹೊತ್ತಾಗಿತ್ತು, ದೋಣಿಯನ್ನು ಗಾಳಿಗೆ ತಿರುಗಿಸುತ್ತಿದ್ದ. ಹಾಯಿ ತಲೆಯ ಮೇಲಿನಿಂದ ಆ ಬದಿಗೆ ಹೊರಳಿತು, ದೋಣಿ ನಮ್ಮ ಬದಿಗೆ ವಾಲಿತು, ಒಂದು ಅಲೆ ಅಂಚಿನ ಮೇಲಿಂದ ಎದ್ದು ಬಂದು ನೇರ ಅವ್ವನ ಮಡಿಲಲ್ಲಿ ಬಿತ್ತು. ಹೊಸ ಹೆಂಡತಿ ಕಿರುಚಿದಳು. ನಾನು ಅವ್ವನ ಜಾಕೆಟ್ಟು ಹಿಡಿದೆ. ರಾಘು ಇನ್ನೊಂದು ಕಡೆಯಿಂದ ಹಿಡಿದ. ಅವ್ವ ಅಲುಗಲಿಲ್ಲ. ಎರಡೂ ಕೈಗಳಿಂದ ಸೆರಗನ್ನು ಎತ್ತಿ ಹಿಡಿದಿದ್ದಳು. ಸೆರಗಿನ ತುಂಬ ನೀರು, ನೀರಿನಲ್ಲಿ ಕಾಯಿ, ಎಲೆ, ಅಕ್ಕಿ.

ದೋಣಿ ನೆಟ್ಟಗಾಯಿತು. ಅವ್ವ ಮಡಿಲನ್ನು ನೋಡಿದಳು, ಸಮುದ್ರವನ್ನು ನೋಡಿದಳು, ಮತ್ತೆ ಮಡಿಲನ್ನು ನೋಡಿದಳು. ಆಮೇಲೆ ನಗತೊಡಗಿದಳು. ಅಪ್ಪ ಇದ್ದಾಗಿನ ನಗು ಅದು, ನಾನು ಮರೆತೇಬಿಟ್ಟಿದ್ದೆ.

“ಶೋಭಾ, ಅಕಿ ಒಲ್ಲೆ ಅಂದಿದ್ದಿಲ್ಲs. ತಗೋ ಅಂದಿದ್ಲು. ಬೀಚಿನ್ಯಾಗ ಮತ್ತ ಮತ್ತ ತಂದು ಕೊಟ್ಲು, ನಾನs ತಿಳೀದಾಕಿ ಬಿಟ್ಟು ಬಂದೆ. ಈಗ ನೋಡು, ಕುಂದರಿಸಿ ತುಂಬ್ಯಾಳ.”

ನಮ್ಮಲ್ಲಿ ಉಡಿ ತುಂಬಿಸಿಕೊಂಡವರು ಅದರೊಳಗಿನ ನಾಲ್ಕು ಕಾಳು ಅಕ್ಕಿಯನ್ನು ತುಂಬಿದವರಿಗೆ ಹಿಂದಿರುಗಿಸುತ್ತಾರೆ. ಅವ್ವ ಒದ್ದೆ ಅಕ್ಕಿಯ ಕಾಳುಗಳನ್ನು ಚಿಟಿಕೆಯಲ್ಲಿ ಹಿಡಿದು ಬಗ್ಗಿ ನೀರಿಗೆ ಬಿಟ್ಟಳು. ಉಳಿದದ್ದನ್ನೆಲ್ಲ ಸೆರಗಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಗಿಸಿಕೊಂಡಳು. ಅಪ್ಪಲರಾಜು ಕಪ್ಪು ಕನ್ನಡಕ ತೆಗೆದು, “ತಲ್ಲಿ ತೀಸುಕುಂದಾ?” ಎಂದು ಕೇಳಿದ. ತಾಯಿ ತೆಗೆದುಕೊಂಡಳಾ ಎಂದು. ಅವ್ವ ತನಗೆ ಗೊತ್ತಿದ್ದ ತೆಲುಗನ್ನೆಲ್ಲ ಕೂಡಿಸಿ, “ಲೇದು, ಲೇದು. ಕೊಟ್ಲು!” ಎಂದಳು.

ಮರುದಿನ ಆ ಉಪ್ಪಕ್ಕಿಯಲ್ಲಿ ಹುಗ್ಗಿ ಮಾಡಿದಳು. ಎಷ್ಟು ಬೆಲ್ಲ ಹಾಕಿದರೂ ಕರಕರ ಉಪ್ಪು. ರಾಘು ಮುಖ ಕಿವುಚದೆ ಎರಡು ಬಟ್ಟಲು ತಿಂದ, ಆ ಹುಡುಗನ ಮೇಲೆ ನನಗೆ ಈಗಲೂ ಪ್ರೀತಿ ಅದಕ್ಕೇ. ಕಿಟಕಿಯ ಪರದೆ ಮತ್ತೆ ಮುಚ್ಚಲಿಲ್ಲ. ಮಳೆಗಾಲ ಶುರುವಾಗುವ ಮೊದಲೇ ನನಗೆ ವಾಪಸು ವರ್ಗವಾಯಿತು. ಕಣವನ್ನು ಒಗೆಯಲು ಅವ್ವ ನನಗೆ ಬಿಡಲಿಲ್ಲ.

ಸುಮಾಳ ಕುಬಸದ ದಿನ ಅಕ್ಕನ ಮನೆಯ ತುಂಬ ಹೆಂಗಸರು. ಹಸಿರು ಸೀರೆಯಲ್ಲಿ ಸುಮಾ ಮಣೆಯ ಮೇಲೆ ಕೂತಿದ್ದಳು. ಅವಳ ಉಡಿ ತುಂಬಿದ ಮೇಲೆ ಬಂದ ಮುತ್ತೈದೆಯರಿಗೆಲ್ಲ ತುಂಬುತ್ತ ತಟ್ಟೆ ಸಾಲಿನಲ್ಲಿ ಬರುತ್ತಿತ್ತು. ಅವ್ವ ಏಳುತ್ತಾಳೆ, ಅಡುಗೆಮನೆಗೆ ಹೋಗುತ್ತಾಳೆ ಎಂದು ನಾನು ಕಾದೆ. ಏಳಲಿಲ್ಲ. ತಟ್ಟೆ ಹಿಡಿದ ಅಕ್ಕನ ನಾದಿನಿ ಅವ್ವನ ಮುಂದೆ ಬಂದು ತಡವರಿಸಿದಳು. ದಾಟಿ ಹೋಗಲೂ ಆಗದೆ, ನಿಲ್ಲಲೂ ಆಗದೆ ನನ್ನ ಮುಖ ನೋಡಿದಳು.

ಅವ್ವ ಹೆಗಲ ಮೇಲಿನ ಸೆರಗನ್ನು ಒಂದಿಷ್ಟು ಸರಿಸಿಕೊಂಡಳು. ಒಳಗೆ ಆ ಹಸಿರು ಕಣದ ಕುಬಸ, ತೋಳಿನ ಅಂಚಿನಲ್ಲಿ ಬೆಳ್ಳನೆಯ ಉಪ್ಪಿನ ಗೆರೆ. ನನಗೆ ಹೇಳದೆ ಯಾವಾಗ ಹೊಲಿಸಿದಳೋ.

“ನಂದು ಆಗೇತಿ,” ಎಂದಳು. “ಸಮುದ್ರವ್ವ ತುಂಬ್ಯಾಳ. ನೀ ಮುಂದ ನಡಿ.”